ನೈಟ್ರಸ್ ಬಾಟಲಿಗಳ ಭರ್ತಿಯಲ್ಲಿ ಆಗುತ್ತಿರುವ ಬದಲಾವಣೆ ಕುರಿತು ನಮ್ಮ ಗ್ರಾಹಕರಿಗೆ

ಗೋಕುಲ ರಸ್ತೆ, ಹುಬ್ಬಳ್ಳಿ

ಆತ್ಮೀಯ ಗ್ರಾಹಕರಿಗೆ ನಮಸ್ಕಾರಗಳು.

ಬರುವ ತಿಂಗಳ 1ನೇ ತಾರೀಖಿನಿಂದ ಖಾಲಿ ನೈಟ್ರಸ್ ಬಾಟಲಿ (ರೇಸ್ ಕಾರಿನ ಎಂಜಿನ್ನಿಗೆ ಹೆಚ್ಚಿನ ಶಕ್ತಿ ಕೊಡಲು ಬಿಡುವ ನೈಟ್ರಸ್ ಆಕ್ಸೈಡ್ ಅನಿಲದ ಸಿಲಿಂಡರ್) ಕೊಟ್ಟು ತುಂಬಿದ ಬಾಟಲಿ ಒಯ್ಯುವ ಅದಲುಬದಲಿನ ಪದ್ಧತಿಯನ್ನು ನಾವು ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ನಿಮ್ಮ ಬಾಟಲಿ ನಿಮ್ಮ ಹೆಸರಿನಲ್ಲಿಯೇ ಪರವಾನಗಿ ಇರುವ ಭರ್ತಿ ಘಟಕಕ್ಕೆ ಹೋಗಿ ಬರುತ್ತದೆ. ಸೋಮವಾರ ಮಧ್ಯಾಹ್ನದೊಳಗೆ ಕೊಟ್ಟರೆ ಶನಿವಾರ ಸಂಜೆ ಸಿಗುತ್ತದೆ. ಒಂದು ಭರ್ತಿಗೆ ನೀವು ಕೊಡುವ ಒಟ್ಟು ಹಣವೂ ಹೆಚ್ಚಾಗುತ್ತದೆ. ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಐದು ದಿನ ಕಾಯಿಸುತ್ತಿರುವುದಕ್ಕಾಗಿ ಎಲ್ಲರಲ್ಲಿ, ಅದರಲ್ಲೂ ಗದಗ ಮತ್ತು ಹಾವೇರಿಯಿಂದ ಎರಡೆರಡು ಸಲ ಬಂದು ಹೋಗಬೇಕಾದವರಲ್ಲಿ, ಮೊದಲು ಕ್ಷಮೆ ಕೇಳುತ್ತೇವೆ.

ಇದು ನಾವು ಮನಸ್ಸಿಗೆ ಬಂದಂತೆ ಮಾಡಿದ ನಿಯಮವಲ್ಲ. 2016ರ ಅನಿಲ ಸಿಲಿಂಡರ್ ನಿಯಮಗಳ ಪ್ರಕಾರ ಒತ್ತಡದ ಅನಿಲವನ್ನು ಪರವಾನಗಿ ಇಲ್ಲದವರು ತುಂಬುವಂತಿಲ್ಲ; ನಾಗಪುರದಲ್ಲಿ ಕಚೇರಿ ಇರುವ ಸ್ಫೋಟಕಗಳ ಮುಖ್ಯ ನಿಯಂತ್ರಕರ ಅನುಮೋದನೆ ಇಲ್ಲದ ಸಿಲಿಂಡರನ್ನು ಪರವಾನಗಿ ಇದ್ದವರೂ ತುಂಬುವಂತಿಲ್ಲ. ಹಿಂದೆ ನಮ್ಮ ಬಾಟಲಿಗಳು ಹೋಗುತ್ತಿದ್ದ ಕಡೆ ಕುತ್ತಿಗೆಯ ಮೇಲಿನ ಮುದ್ರೆಯನ್ನು ಯಾರೂ ತಿರುಗಿಸಿ ನೋಡುತ್ತಿರಲಿಲ್ಲ. ನೋಡುತ್ತೀರಾ ಎಂದು ನಾವೂ ಕೇಳಲಿಲ್ಲ. ಅದು ನಮ್ಮ ತಪ್ಪು. ಈಗ ನಾವು ಗೊತ್ತು ಮಾಡಿಕೊಂಡಿರುವ ಘಟಕದವರು ಮೊದಲು ನೋಡುವುದೇ ಆ ಮುದ್ರೆಯನ್ನು. ಅನುಮೋದನೆಯ ಗುರುತು ಇರಬೇಕು, ನೀರು ತುಂಬಿ ಒತ್ತಡ ಹಾಕಿ ಮಾಡುವ ಹೈಡ್ರೋ ಟೆಸ್ಟ್ ನಡೆದು ಐದು ವರ್ಷ ಮೀರಿರಬಾರದು, ಇಲ್ಲದಿದ್ದರೆ ಬಾಟಲಿ ಬಂದ ಗಾಡಿಯಲ್ಲೇ ಹಿಂತಿರುಗುತ್ತದೆ. ಅದಲುಬದಲಿಗೆಂದು ನಾವು ಸ್ವಂತ ಹಣ ಹಾಕಿ ತರಿಸಿದ್ದ, ಹೊರದೇಶದ ಮುದ್ರೆ ಮಾತ್ರ ಇರುವ ನಾಲ್ಕು ಬಾಟಲಿಗಳು ಈಗ ಕಪಾಟಿನ ಮೇಲೆ ಕುಳಿತಿವೆ. ಅವುಗಳ ಬೆಲೆಯ ಒಂದು ರೂಪಾಯಿಯನ್ನೂ ನಾವು ಯಾರ ಬಿಲ್ಲಿಗೂ ಸೇರಿಸಿಲ್ಲ.

ದರದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಾವು ನಮ್ಮ ಕೂಲಿ ಏರಿಸಿದ್ದೇವೆ ಎಂದು ನಮ್ಮ ಮೇಲೆ ಬಂದಿರುವ ಮಾತು ನ್ಯಾಯವಾದದ್ದಲ್ಲ. ಬಾಟಲಿ ಬಿಚ್ಚಿ, ತೂಗಿ, ವಾಲ್ವ್ ಪರೀಕ್ಷಿಸಿ, ಮತ್ತೆ ಕೂರಿಸಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಸೋರಿಕೆ ನೋಡುವುದಕ್ಕೆ ನಾವು ತೆಗೆದುಕೊಳ್ಳುವ ಕೂಲಿ 400 ರೂಪಾಯಿ. ಅದು ಮೊದಲೂ ಅಷ್ಟೇ ಇತ್ತು, ಮುಂದೆಯೂ ಅಷ್ಟೇ ಇರುತ್ತದೆ. ಹೆಚ್ಚಾಗಿರುವುದು ಅನಿಲದ ದರ, ಪರೀಕ್ಷೆಯ ಶುಲ್ಕ ಮತ್ತು ಗಾಡಿಯ ಬಾಡಿಗೆ. ತುಂಬಿದ ಸಿಲಿಂಡರನ್ನು ಸಾಮಾನ್ಯ ಪಾರ್ಸಲ್ ಜೊತೆ ಕಳಿಸಲು ಬರುವುದಿಲ್ಲ, ಅದಕ್ಕೆಂದೇ ಗೂಡ್ಸ್ ಗಾಡಿ ಮಾಡಬೇಕು, ಮತ್ತು ಅದರಲ್ಲಿ ಮೂರು ಬಾಟಲಿ ಇದ್ದರೂ ಹತ್ತು ಬಾಟಲಿ ಇದ್ದರೂ ಬಾಡಿಗೆ ಒಂದೇ. ವಾರಕ್ಕೆ ಒಂದೇ ದಿನ ಕಳಿಸುವ ವ್ಯವಸ್ಥೆ ಮಾಡಿರುವುದು ಆ ಬಾಡಿಗೆ ನಿಮ್ಮಲ್ಲಿ ಹಂಚಿಹೋಗಲಿ ಎಂಬ ಕಾರಣಕ್ಕೆ. ಘಟಕದ ಬಿಲ್ಲು ಮತ್ತು ಗಾಡಿಯ ಚೀಟಿ ಕೌಂಟರಿನಲ್ಲಿಯೇ ಇರುತ್ತವೆ. ಯಾರು ಬೇಕಾದರೂ ನೋಡಬಹುದು.

ಇನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುತ್ತಿರುವ ದೂರಿಗೆ ಬರುತ್ತೇವೆ. “ಬಾಟಲಿ 4.5 ಕೆ.ಜಿ.ಯದು, ನೀವು ಕೊಡುವುದು 4 ಕೆ.ಜಿ.; ಅರ್ಧ ಕೆ.ಜಿ. ಎಲ್ಲಿ ಹೋಯಿತು?” ಎಂದು ಬೇಸಿಗೆ ಆರಂಭವಾದಾಗಿನಿಂದ ಹತ್ತಾರು ಮಂದಿ ಕೇಳಿದ್ದೀರಿ. ಕೆಲವರು ನಮ್ಮೆದುರಿಗೆ ಕೇಳಿದ್ದೀರಿ, ಅದು ಒಳ್ಳೆಯದೇ. ಹಿಂದಿನಿಂದ ತೂಕದಲ್ಲಿ ಮೋಸ ಎಂದು ಆಡಿದ್ದು ಮಾತ್ರ ನಮಗೆ ಬಹಳ ನೋವು ಕೊಟ್ಟಿದೆ. ನಾವು ಹಣ ತೆಗೆದುಕೊಳ್ಳುವುದು ತೂಕಕ್ಕೆ, ಬಾಟಲಿಗೆ ಅಲ್ಲ. ನಾಲ್ಕು ಕೆ.ಜಿ. ಕೊಟ್ಟಾಗ ನಾಲ್ಕು ಕೆ.ಜಿ.ಯ ಹಣವನ್ನೇ ತೆಗೆದುಕೊಂಡಿದ್ದೇವೆ. ಖಾಲಿ ಬಾಟಲಿಯ ತೂಕವನ್ನು ಅದರ ಮೇಲೆಯೇ ಕೊರೆದಿರುತ್ತಾರೆ. ಎಲೆಕ್ಟ್ರಾನಿಕ್ ಕಾಟಾ ಬಾಗಿಲ ಪಕ್ಕದಲ್ಲೇ ಇದೆ. ನಿಮ್ಮ ಬಾಟಲಿಯನ್ನು ನೀವೇ ಎತ್ತಿ ಇಟ್ಟು ಕಳೆದು ನೋಡಿಕೊಳ್ಳಬಹುದು.

ಕಡಿಮೆ ತುಂಬಿಸುವುದಕ್ಕೆ ಕಾರಣ ನಮ್ಮ ಊರಿನ ಬಿಸಿಲು. ನೈಟ್ರಸ್ ಆಕ್ಸೈಡ್ ಬಾಟಲಿಯೊಳಗೆ ಪೆಟ್ರೋಲಿನಂತೆ ಸುಮ್ಮನೆ ಕುಳಿತಿರುವ ದ್ರವವಲ್ಲ. ಅದು ತನ್ನದೇ ಆವಿಯ ಒತ್ತಡದಲ್ಲಿ ದ್ರವವಾಗಿ ನಿಂತಿರುತ್ತದೆ, ಮತ್ತು ಶಾಖ ಹೆಚ್ಚಿದಂತೆ ಆ ದ್ರವ ಬಹಳ ವೇಗವಾಗಿ ಹಿಗ್ಗುತ್ತದೆ. 20 ಡಿಗ್ರಿಯಲ್ಲಿ ಒಳಗಿನ ಒತ್ತಡ ಸುಮಾರು 730 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ) ಇದ್ದರೆ 30 ಡಿಗ್ರಿಗೆ ಅದು 900 ದಾಟುತ್ತದೆ. 36.4 ಡಿಗ್ರಿ ಮೀರಿದ ಮೇಲೆ ದ್ರವ ಮತ್ತು ಆವಿ ಎಂಬ ವ್ಯತ್ಯಾಸವೇ ಉಳಿಯುವುದಿಲ್ಲ. ಸುಮಾರು 6.7 ಲೀಟರ್ ಜಾಗ ಇರುವ ಬಾಟಲಿಗೆ 4.5 ಕೆ.ಜಿ. ತುಂಬಿದ್ದರೆ 30 ಡಿಗ್ರಿಯ ಆಸುಪಾಸಿನಲ್ಲಿಯೇ ಹಿಗ್ಗಿದ ದ್ರವ ಇಡೀ ಬಾಟಲಿಯನ್ನು ಆವರಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಹಿಗ್ಗಲು ಜಾಗವಿಲ್ಲದೆ ಪ್ರತಿ ಡಿಗ್ರಿಗೂ ಒತ್ತಡ ಮೊದಲಿಗಿಂತ ಜೋರಾಗಿ ಏರುತ್ತದೆ. ತಂಪು ದೇಶದಲ್ಲಿ ಆ ಹಂತ ವರ್ಷಕ್ಕೆ ನಾಲ್ಕು ದಿನ ಬರಬಹುದು. ಹುಬ್ಬಳ್ಳಿಯ ಏಪ್ರಿಲ್‌ನಲ್ಲಿ ನೆರಳಿನಲ್ಲೇ 37, 38 ಡಿಗ್ರಿ ಇರುತ್ತದೆ, ಮುಚ್ಚಿದ ಡಿಕ್ಕಿಯೊಳಗಿನ ಶಾಖದ ಮಾತು ಬೇರೆಯೇ. ಅರ್ಧ ಕೆ.ಜಿ. ಬಿಟ್ಟರೆ ಬಾಟಲಿ ತುಂಬಿಕೊಳ್ಳುವ ಆ ಹಂತ ಮೂರ್ನಾಲ್ಕು ಡಿಗ್ರಿ ಮೇಲೆ ಹೋಗುತ್ತದೆ, ಮತ್ತು ಅದಾದ ಮೇಲೂ ಒತ್ತಡದ ಏರಿಕೆ ಅಷ್ಟು ಕಡಿದಾಗಿರುವುದಿಲ್ಲ. ಫೆಬ್ರವರಿಯಿಂದ ಮೇ ಕೊನೆಯವರೆಗೆ 4 ಕೆ.ಜಿ., ಉಳಿದ ತಿಂಗಳು ಬಾಟಲಿಯ ಮೇಲೆ ನಮೂದಾದಷ್ಟು ಎಂಬ ನಮ್ಮ ಲೆಕ್ಕ ಇದರಿಂದ ಬಂದದ್ದು. ಬೇರೆ ಊರಿನಲ್ಲಿ ಬಾಟಲಿಯನ್ನು ಮಂಜುಗಡ್ಡೆಯಲ್ಲಿ ಇಟ್ಟು ತಣಿಸಿ ಐದು ಕೆ.ಜಿ. ತುಂಬಿಕೊಡುತ್ತಾರೆ ಎಂದು ಹೇಳುವವರಿದ್ದೀರಿ. ಅಂಥ ಬಾಟಲಿಯನ್ನು ದಯವಿಟ್ಟು ನಮ್ಮ ಅಂಗಡಿಯೊಳಗೆ ತರಬೇಡಿ.

ಕಳೆದ ಏಪ್ರಿಲ್‌ನಲ್ಲಿ ಆದದ್ದನ್ನು ಮುಚ್ಚಿಡುವುದಿಲ್ಲ, ಅಕ್ಕಪಕ್ಕದವರೆಲ್ಲ ನೋಡಿದ್ದಾರೆ. ಗ್ರಾಹಕರೊಬ್ಬರು ಬೇರೆ ಕಡೆ ತುಂಬಿಸಿ ತಂದ ಬಾಟಲಿಯನ್ನು ನಾವು ತೂಗದೆ ಡಿಕ್ಕಿಯಲ್ಲಿ ಕೂರಿಸಿದೆವು. ಅವರಿಗೆ ಅವಸರವಿತ್ತು. ಒತ್ತಡ ಮಿತಿ ಮೀರಿ ಬಾಟಲಿಯ ಸುರಕ್ಷತಾ ಬಿಲ್ಲೆ ಹರಿದರೆ ಅನಿಲವನ್ನು ಕಾರಿನ ಹೊರಗೆ ಬಿಡುವ ಕೊಳವೆಯನ್ನು ಊಟ ಮುಗಿಸಿ ಬಂದು ಜೋಡಿಸೋಣ ಎಂದುಕೊಂಡೆವು. ಕಾರು ಬಿಸಿಲಲ್ಲಿ ನಿಂತಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ಟೈರ್ ಒಡೆದಂಥ ಸದ್ದು, ಅದರ ಹಿಂದೆಯೇ ಉದ್ದನೆಯ ಸುಯ್ಯೆಂಬ ಶಬ್ದ. ನಾವು ಓಡಿ ಬರುವಷ್ಟರಲ್ಲಿ ಕಾರಿನ ಗಾಜುಗಳೆಲ್ಲ ಒಳಗಿನಿಂದ ಹಾಲಿನಂತೆ ಬಿಳಿಯಾಗಿದ್ದವು. ಸುಮಾರು 3,000 ಪಿಎಸ್‌ಐಗೆ ಹರಿಯಲೆಂದೇ ಇರುವ ತೆಳು ಲೋಹದ ಬಿಲ್ಲೆ ತನ್ನ ಕೆಲಸ ಮಾಡಿತ್ತು, ಬಾಟಲಿ ಸಿಡಿಯಲಿಲ್ಲ. ಆದರೆ 4.5 ಕೆ.ಜಿ. ನೈಟ್ರಸ್ ಬಿಡುಗಡೆಯಾದರೆ ಸುಮಾರು 2,400 ಲೀಟರ್ ಅನಿಲವಾಗುತ್ತದೆ, ಅಂದರೆ ಒಂದು ಸಣ್ಣ ಕಾರಿನ ಒಳಗಿನ ಗಾಳಿಯನ್ನೆಲ್ಲ ಹೊರದಬ್ಬಿ ತಾನೇ ತುಂಬಿಕೊಳ್ಳುವಷ್ಟು. ಒಳಗೆ ಯಾರೂ ಇರಲಿಲ್ಲ ಎಂಬುದು ನಮ್ಮ ಪುಣ್ಯ. ಕೊಳವೆ ಜೋಡಿಸದೆ ಕಾರನ್ನು ಬಿಟ್ಟದ್ದು ನಮ್ಮ ತಪ್ಪು. ಆ ಗ್ರಾಹಕರ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ, ಕೆಲಸವನ್ನು ನಮ್ಮ ಖರ್ಚಿನಲ್ಲಿ ಮತ್ತೆ ಮಾಡಿಕೊಟ್ಟಿದ್ದೇವೆ. ಆ ದಿನದಿಂದ ಹೊರಕೊಳವೆ ಇಲ್ಲದ ಕಾರಿಗೆ ನಾವು ಬಾಟಲಿ ಕೂರಿಸುವುದಿಲ್ಲ, ಎಷ್ಟೇ ಅವಸರವಿದ್ದರೂ.

ಬಿಸಿ ಬಾಟಲಿಯಿಂದ ಎಂಜಿನ್ನಿಗೂ ಕೇಡು. 900ರಿಂದ 950 ಪಿಎಸ್‌ಐಗೆ ಹೊಂದುವ ಜೆಟ್ (ಎಷ್ಟು ಅನಿಲ ಹೋಗಬೇಕೆಂದು ಗೊತ್ತುಮಾಡುವ ಸಣ್ಣ ರಂಧ್ರದ ತುಂಡು) ಹಾಕಿ, ಎಂಜಿನ್ ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಟ್ಯೂನ್ ಮಾಡಿರುತ್ತೇವೆ. ಒತ್ತಡ ಅದಕ್ಕಿಂತ ಏರಿದರೆ ನೈಟ್ರಸ್ ಹೆಚ್ಚು ಹೋಗುತ್ತದೆ, ಪೆಟ್ರೋಲು ಮಾತ್ರ ಮೊದಲಿನಷ್ಟೇ ಹೋಗುತ್ತದೆ. ಗಾಳಿಯಲ್ಲಿ ತೂಕದ ಲೆಕ್ಕದಲ್ಲಿ ಆಮ್ಲಜನಕ ಶೇ. 23ರಷ್ಟು, ನೈಟ್ರಸ್‌ನಲ್ಲಿ ಶೇ. 36. ಅಷ್ಟು ಆಮ್ಲಜನಕಕ್ಕೆ ಸರಿಯಾಗಿ ಇಂಧನ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೌಂಟರಿನ ಮೇಲಿರುವ ಪಿಸ್ಟನ್ ಸಾಕು; ಅದರ ನೆತ್ತಿಯ ತೂತಿನಲ್ಲಿ ಕಿರುಬೆರಳು ಸಲೀಸಾಗಿ ಇಳಿಯುತ್ತದೆ, ಅಂಚು ಕರಗಿದ ಮೇಣದಂತೆ ಮಡಚಿಕೊಂಡಿದೆ. ಆದ್ದರಿಂದ ಒತ್ತಡ ಏರಲಿ ಎಂದು ಬಾಟಲಿ ಬಿಸಿ ಮಾಡಲು ಬೆಂಕಿಯಾಗಲಿ ಬ್ಲೋ ಟಾರ್ಚ್ ಆಗಲಿ ಎಂದಿಗೂ ಬಳಸಬೇಡಿ, ವಾಲ್ವ್‌ಗೆ ಎಣ್ಣೆ ಅಥವಾ ಗ್ರೀಸ್ ಮುಟ್ಟಿಸಬೇಡಿ. ಪೆಟ್ರೋಲಿನ ಒತ್ತಡ ಬಿದ್ದ ಕೂಡಲೇ ನೈಟ್ರಸ್ ನಿಲ್ಲಿಸುವ ಸ್ವಿಚ್ಚನ್ನೂ, 3,000 ಆರ್‌ಪಿಎಂ ಕೆಳಗೆ ಅನಿಲ ಬಿಡದಂತೆ ತಡೆಯುವ ಸ್ವಿಚ್ಚನ್ನೂ ಬಿಟ್ಟು ಕಿಟ್ ಜೋಡಿಸಿಕೊಡಿ ಎಂದು ಕೇಳಿದವರಿಗೆ ನಾವು ಒಪ್ಪಿಲ್ಲ, ಮುಂದೆಯೂ ಒಪ್ಪುವುದಿಲ್ಲ.

ಆಸ್ಪತ್ರೆಯ ನೀಲಿ ಸಿಲಿಂಡರಿನಿಂದ ತುಂಬಿಸಿಕೊಡಿ ಎಂಬ ಕೋರಿಕೆಗೂ ಇದೇ ಉತ್ತರ. ಅದು ಶಸ್ತ್ರಚಿಕಿತ್ಸೆಯ ರೋಗಿಗೆ ಮೀಸಲಾದ ಅನಿಲ, ಅದನ್ನು ನಾವು ಮುಟ್ಟುವುದಿಲ್ಲ. ಅನಿಲವನ್ನು ಮೂಸಿ ನೋಡಲು ಕೇಳಿದ ಹುಡುಗರನ್ನು ಅಂಗಡಿಯಿಂದ ಹೊರಗೆ ಕಳಿಸಿದ್ದೇವೆ, ಅವರು ಯಾರ ಮನೆಯವರೇ ಆಗಿರಲಿ.

ನೈಟ್ರಸ್ ಇರುವುದು ಟ್ರ್ಯಾಕಿಗೆ. ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ. ಕೊಯಮತ್ತೂರಿನ ಇಲ್ಲವೇ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನ ರೇಸ್ ಟ್ರ್ಯಾಕಿಗೆ ಹೋಗುವವರಿಗೆ ನಾವು ರಾತ್ರಿ ಕುಳಿತಾದರೂ ಕಾರು ಸಿದ್ಧ ಮಾಡಿಕೊಡುತ್ತೇವೆ. ಬೈಪಾಸಿನಲ್ಲಿ ಪಂದ್ಯ ಕಟ್ಟುವವರಿಗೆ ಬಾಟಲಿ ಸಿಗುವುದಿಲ್ಲ.

ಇನ್ನು ವ್ಯವಹಾರದ ಮಾತು. ಯುಗಾದಿಗಿಂತ ಮೊದಲು ಮುಂಗಡ ಕೊಟ್ಟವರಿಗೆ ಹಳೆಯ ದರವೇ. ಚೀಟಿ ಕಳೆದಿದ್ದರೂ ನಮ್ಮ ಪುಸ್ತಕದಲ್ಲಿ ನಿಮ್ಮ ಹೆಸರಿದೆ. ಅನುಮೋದನೆ ಇಲ್ಲದ ಬಾಟಲಿ ಇರುವವರು ಹೊಸ ಬಾಟಲಿ ಕೊಂಡರೆ ಅದನ್ನು ಕೂರಿಸುವ ಕೂಲಿ ತೆಗೆದುಕೊಳ್ಳುವುದಿಲ್ಲ, ಹಳೆಯದನ್ನು ಸುರಕ್ಷಿತವಾಗಿ ಖಾಲಿ ಮಾಡಿ ವಾಲ್ವ್ ತೆಗೆದು ನಿಮಗೇ ಹಿಂತಿರುಗಿಸುತ್ತೇವೆ. ಗದಗ ಮತ್ತು ಹಾವೇರಿಯ ಗ್ರಾಹಕರು ಬಾಟಲಿಯನ್ನು ಬಸ್ಸಿನಲ್ಲಿ ತರಬಾರದು. ತಿಂಗಳ ಎರಡನೆಯ ಮತ್ತು ನಾಲ್ಕನೆಯ ಭಾನುವಾರ ನಮ್ಮದೇ ಗಾಡಿ ಎರಡೂ ಊರುಗಳಿಗೆ ಬರುತ್ತದೆ, ಅದಕ್ಕೆ ಬಾಡಿಗೆ ಇಲ್ಲ. ಹಿಂದಿನ ಶುಕ್ರವಾರದೊಳಗೆ ಒಂದು ಫೋನ್ ಮಾಡಿದರೆ ಸಾಕು. ನಂಬರ್ ಹಳೆಯದೇ, ಎತ್ತುವವರೂ ನಾವೇ.

ಇತಿ ನಿಮ್ಮ ವಿಶ್ವಾಸಿಗಳು,
ವರ್ಕ್‌ಶಾಪಿನ ಮೂವರೂ