ಮಾನದಂಡ ಬರೆಯುವುದೂ ಒಂದು ವೃತ್ತಿ

ಮಾನ್ಯ ಸಂಪಾದಕರೇ,

ಸೈಬರ್ ಭದ್ರತೆಯ ಉದ್ಯೋಗವೆಂದೊಡನೆ ವೃತ್ತಿ ಮಾರ್ಗದರ್ಶನದ ಅಂಕಣಗಳು ಹ್ಯಾಕರ್‌ಗಳ ಬೆನ್ನು ಹತ್ತುವವರ ಚಿತ್ರವನ್ನಷ್ಟೇ ಮುಂದಿಡುತ್ತವೆ. ಭದ್ರತೆಯ ನಿಯಮಗಳನ್ನೇ ಬರೆಯುವವರೂ ಇದ್ದಾರೆ ಎಂಬ ಮಾತು ಅಲ್ಲಿ ಬರುವುದು ಅಪರೂಪ.

ಈ ಕೆಲಸದ ಸೂಕ್ಷ್ಮ ತಿಳಿಯಬೇಕಾದರೆ ಅಂತರ್ಜಾಲದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ 1997ರಲ್ಲಿ ಹೊರತಂದ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆಯನ್ನು ನೋಡಬೇಕು. ‘ಮಸ್ಟ್’, ‘ಶುಡ್’, ‘ಮೇ’ ಎಂಬ ಪದಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಗೊತ್ತುಪಡಿಸುವುದೇ ಅದರ ಕೆಲಸ. ನಮ್ಮ ಕಾನೂನಿನ ಕನ್ನಡದಲ್ಲಿ ಹೇಳುವುದಾದರೆ ‘ಮಾಡತಕ್ಕದ್ದು’, ‘ಮಾಡುವುದು ಸೂಕ್ತ’, ‘ಮಾಡಬಹುದು’ ಎಂಬುವುಗಳ ನಡುವಣ ಅಂತರವದು. ಸರ್ವರ್‌ನ ಪ್ರಮಾಣಪತ್ರವನ್ನು (ಅದರ ಗುರುತಿನ ಪುರಾವೆಯನ್ನು) ‘ಪರಿಶೀಲಿಸತಕ್ಕದ್ದು’ ಎಂದಿರಬೇಕಾದ ಕಡೆ ‘ಪರಿಶೀಲಿಸುವುದು ಸೂಕ್ತ’ ಎಂದಿದ್ದರೆ, ಗಡುವು ಹತ್ತಿರ ಬಂದ ತಂತ್ರಾಂಶ ತಂಡವೊಂದು ಆ ಪರಿಶೀಲನೆಯನ್ನು ಕೈಬಿಟ್ಟೀತು, ಮತ್ತು ನಿಯಮದ ಪ್ರಕಾರ ಅದನ್ನು ತಪ್ಪೆನ್ನಲೂ ಕಷ್ಟವಾದೀತು.

ಪಾಸ್‌ವರ್ಡ್‌ನ ಕಥೆಯೂ ಇಂಥದೇ. ಮೂರು ತಿಂಗಳಿಗೊಮ್ಮೆ ಬದಲಿಸಿ ಎಂದು ಗಂಟುಬಿದ್ದರೆ ಜನ ಹಳೆಯದರ ಬಾಲದಲ್ಲಿದ್ದ 1ನ್ನು 2 ಮಾಡಿ ಕೈತೊಳೆದುಕೊಳ್ಳುತ್ತಾರೆ. (ನಾನೂ ಮಾಡಿದ್ದೇನೆ.) ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆಯಾದ ಎನ್‌ಐಎಸ್‌ಟಿಯ 2017ರ ಮಾರ್ಗಸೂಚಿ ಹೀಗೆ ಕಾರಣವಿಲ್ಲದೆ ಬದಲಿಸಲು ಹೇಳುವುದು ಸೂಕ್ತವಲ್ಲ ಎಂದಿತು, ಅದು ‘ಹೇಳತಕ್ಕದ್ದಲ್ಲ’ ಎಂದು ಬಿಗಿಯಾದದ್ದು 2025ರ ಪರಿಷ್ಕರಣೆಯಲ್ಲಿ. ಪಾಸ್‌ವರ್ಡ್ ಸೋರಿದ ಕುರುಹಿದ್ದರೆ ಬದಲಿಸಲೇಬೇಕು, ಆ ಮಾತು ಬೇರೆ. ಒಂದು ಕ್ರಿಯಾಪದ ಬಿಗಿಯಾಗಲು ಎಂಟು ವರ್ಷ ಹಿಡಿಯಿತು.

ಬರೆದದ್ದನ್ನು ಅನುಮಾನದಿಂದ ಓದುವವರೂ ಅಷ್ಟೇ ಬೇಕು. ಇದೇ ಸಂಸ್ಥೆ 2006ರಲ್ಲಿ ಮಾನ್ಯ ಮಾಡಿದ, ಗೂಢಲಿಪಿಗೆ ಬೇಕಾದ ಯಾದೃಚ್ಛಿಕ (ಊಹಿಸಲಾಗದ) ಸಂಖ್ಯೆಗಳನ್ನು ಹುಟ್ಟಿಸುವ ಡ್ಯುಯಲ್ ಇಸಿ ವಿಧಾನದಲ್ಲಿ ಹಿಂಬಾಗಿಲು, ಅಂದರೆ ಗುಟ್ಟು ಬಲ್ಲವರು ಆ ಸಂಖ್ಯೆಗಳನ್ನು ಊಹಿಸಬಲ್ಲ ರಹಸ್ಯ ದಾರಿ, ಇರಲು ಸಾಧ್ಯವೆಂದು ಮರುವರ್ಷವೇ ಇಬ್ಬರು ಸಂಶೋಧಕರು ತೋರಿಸಿದ್ದರು. ಆದರೂ ಅದನ್ನು ಕೈಬಿಡಲು ತೀರ್ಮಾನವಾದದ್ದು 2014ರಲ್ಲಿ. ಗಣಿತ ಬಲ್ಲವರು ದೋಷ ಹೇಳಿದ ಮೇಲೂ ಅದು ನೀತಿಯಾಗಿ ಇಳಿಯಲು ಇಷ್ಟು ತಡವಾಗುವುದರಿಂದಲೇ, ಗಣಿತವನ್ನೂ ಆಡಳಿತದ ಭಾಷೆಯನ್ನೂ ಬಲ್ಲವರು ಬೇಕೆಂದು ನಾನು ಹೇಳುತ್ತಿರುವುದು.

ಐಇಟಿಎಫ್‌ನಲ್ಲಿ ಸದಸ್ಯತ್ವವೆಂಬುದೇ ಇಲ್ಲ. ಕರಡುಗಳನ್ನು ಯಾರು ಬೇಕಾದರೂ ಓದಬಹುದು, ವಿದ್ಯಾರ್ಥಿಯೂ ಆಕ್ಷೇಪ ಎತ್ತಬಹುದು. ತಮ್ಮ ಪತ್ರಿಕೆಯ ವೃತ್ತಿ ಪುಟದಲ್ಲಿ ಒಮ್ಮೆ ಇಂಥ ಕರಡೊಂದನ್ನು ತಿದ್ದುವವರಿಂದಲೇ ಅವರ ಕೆಲಸದ ಬಗ್ಗೆ ಬರೆಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ