ಬುಟ್ಟಿಗೆ ಹಿಡಿಯುವಷ್ಟು

ಶಿರಸಿ

ತಂಗೀ,

ನಿನ್ನ ಕತೆ ತಲುಪಿತು. ಎರಡು ಸಲ ಓದಿದೆ. ಜೊತೆಗಿದ್ದ ಚೀಟಿ ಓದಿ ಮಾತ್ರ ಸಿಟ್ಟು ಬಂತು. 'ಬಹುಶಃ ನಾನು ಇನ್‌ಕೇಪಬಲ್' ಎಂದಿದ್ದೀಯೆ. ಅಜ್ಜಿಯ ಮೇಲೆ ಹದಿನಾಲ್ಕು ಪುಟ ಕನ್ನಡ ಬರೆದವಳಿಗೆ ತನ್ನನ್ನು ಬೈದುಕೊಳ್ಳಲು ಇಂಗ್ಲಿಷ್ ಯಾಕೆ ಬೇಕಾಯಿತು?

ಬೈದುಕೊಳ್ಳುವುದಾದರೆ ಸರಿಯಾಗಿಯಾದರೂ ಬೈದುಕೋ. ಜ್ವರ ಬಂದು ತೋಟಕ್ಕೆ ಇಳಿಯಲಾಗದವನು ಅನೇಬಲ್; ಜ್ವರ ಬಿಟ್ಟರೆ ಅದೂ ಬಿಟ್ಟಿತು. ಇನ್‌ಕೇಪಬಲ್ ಎಂದರೆ ಸ್ವಭಾವದಲ್ಲಿಯೇ ಇಲ್ಲ ಎಂದರ್ಥ. ಹಾಗಾಗಿ ಅದು ಹೊಗಳಿಕೆಯೂ ಆಗಬಲ್ಲದು: ಸುಳ್ಳು ಹೇಳುವುದಕ್ಕೆ ಇನ್‌ಕೇಪಬಲ್. ಅದರ ಬೆನ್ನಿಗೆ ಸಾಮಾನ್ಯವಾಗಿ 'ಆಫ್' (of) ಬಂದು, ಯಾವುದಕ್ಕೆ ಎಂದು ಹೇಳಿಸುತ್ತದೆ. ಏನೂ ಹೇಳದೆ ಬರೀ ಇನ್‌ಕೇಪಬಲ್ ಎನ್ನುವುದು ಇಂಗ್ಲೆಂಡಿನ ಪೊಲೀಸರು, ಕುಡಿದು ರಸ್ತೆಯಲ್ಲಿ ಬಿದ್ದವನಿಗೆ!

ನಮ್ಮಲ್ಲಿ ವಿದ್ಯೆ 'ಬರುತ್ತದೆ'. ಈಜು ಬರುವುದಿಲ್ಲ, ಬರೆಯಲು ಬರುವುದಿಲ್ಲ ಎಂದರೆ ಅದು ಇನ್ನೂ ದಾರಿಯಲ್ಲಿದೆ ಎಂದಾದರೂ ಅಂದುಕೊಳ್ಳಬಹುದು.

1983ರಲ್ಲಿ ಒಬ್ಬ ಸಂಪಾದಕರು ನನ್ನ ಕತೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಇದೇ ಪದ ಬರೆದು ಮರಳಿಸಿದ್ದರು. ಐದು ವರ್ಷ ಪೆನ್ನು ಮುಟ್ಟಲಿಲ್ಲ. ಅವರನ್ನು ಇಂದಿಗೂ ಕ್ಷಮಿಸಿಲ್ಲ. ಆದರೆ ಮುಂದೊಮ್ಮೆ ಸ್ಪರ್ಧೆಯೊಂದರ ತೀರ್ಪುಗಾರನಾಗಿ ಕೂತಾಗ ನಾನೂ ಒಬ್ಬ ಹುಡುಗನ ಹಾಳೆಯ ಮೇಲೆ 'ಅಸಮರ್ಥ' ಎಂದು ಗೀಚಿದೆ. ಅವನೀಗ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಕಂಡರೆ ನಮಸ್ಕಾರ ಹೇಳುತ್ತಾನೆ. ಕತೆಯ ಸುದ್ದಿ ಅವನೂ ಎತ್ತುವುದಿಲ್ಲ, ನಾನೂ ಎತ್ತಿಲ್ಲ.

ಆ ಪದದ ಬೇರು ಲ್ಯಾಟಿನ್ನಿನ 'ಕಾಪೆರೆ', ಅಂದರೆ ಹಿಡಿ. ಕೊಡಕ್ಕೆ ಎಷ್ಟು ನೀರು ಹಿಡಿಯುತ್ತದೆ ಎನ್ನುತ್ತೇವಲ್ಲ, ಆ ಹಿಡಿ. ಇದು ನಿನಗಿಂತ ನಿನ್ನ ಅಜ್ಜಿಗೆ ಚೆನ್ನಾಗಿ ಗೊತ್ತು. ನಮ್ಮ ಶಂಕರಹೊಂಡದ ನೀರು ಅಘನಾಶಿನಿಯಾಗಿ ತದಡಿಯ ಹತ್ತಿರ ಕಡಲು ಸೇರುವಲ್ಲಿ, ಇಳಿತದ ಹೊತ್ತಿಗೆ ಅವರು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಾರೆ, ಬುಟ್ಟಿಗೆ ಹಿಡಿಯುವಷ್ಟೇ. ನೀನೋ ಅದೇ ಬುಟ್ಟಿಗೆ ಬೆಳದಿಂಗಳು, ಬಾಲ್ಯ, ಸಾವಿನ ಚಿಂತೆ ಎಲ್ಲ ತುಂಬಿದೆ. ಚೆಲ್ಲಿದ್ದನ್ನು ಕಂಡು ಬುಟ್ಟಿಯೇ ತೂತು ಎಂದು ಅಳುತ್ತಿದ್ದೀಯೆ.

ಕಾಗುಣಿತದ ತಪ್ಪು ಬೇಕಾದಷ್ಟಿವೆ, ಅದನ್ನು ಯಾರಾದರೂ ತಿದ್ದುತ್ತಾರೆ. ನಾಲ್ಕನೆಯ ಪುಟದ ಬೆಳದಿಂಗಳನ್ನು ತೆಗೆದು ಮತ್ತೆ ಕಳಿಸು. ಅಜ್ಜಿ ಸಣ್ಣ ಬಳಚನ್ನು ನೀರಿಗೆ ಮರಳಿ ಬಿಡುವ ಸಾಲಿಗೆ ಕೈ ಹಚ್ಚಬೇಡ. ಇಲ್ಲಿ ಮಳೆ ಹಿಡಿದಿದೆ, ಅಂಚೆ ತಡವಾದೀತು.

ನಿನ್ನ
ಅಣ್ಣ