ಉಡುಪಿ ಬಸ್ಸಿನಲ್ಲಿ ಸಿಕ್ಕಿದ ಅಣ್ಣನಿಗೆ

ಮಂಗಳೂರಿನಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಣ್ಣ, ನಿಮ್ಮ ಹೆಸರು ಕೇಳಲೇ ಇಲ್ಲ. ಆಗ ರಜೆಗೆ ಊರಿಗೆ ಬಂದಿದ್ದೆ. ಹೊರದೇಶದಲ್ಲಿ ಓದುವ ನಮಗೆ ಫೀಸೇ ಜಾಸ್ತಿ, ಅಲ್ವಾ? ಅದರ ಮೇಲೆ ಕಂಪ್ಯೂಟರ್ ನೆಟ್‌ವರ್ಕಿಂಗ್ ಕೋರ್ಸಿಗೆ ಇನ್ನೊಂದು ಸಾಲ ಮಾಡುವವನಿದ್ದೆ. ನೀವು ತಡೆದಿರಿ. ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಆರಂಭದ ಪಾಠಗಳು ಉಚಿತ, ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ಸಾಫ್ಟ್‌ವೇರ್ ಇದ್ದರೆ ಅಭ್ಯಾಸಕ್ಕೆ ರೌಟರ್ ಕೊಳ್ಳಬೇಕಿಲ್ಲ, ಸಿಸ್ಕೋದ ಸಿಸಿಎನ್‌ಎ ಸರ್ಟಿಫಿಕೇಟ್ ಪರೀಕ್ಷೆ ಬರೆಯಲು ಕೋರ್ಸ್ ಕಡ್ಡಾಯವೂ ಅಲ್ಲ ಅಂದಿರಿ. ಮೂಲ್ಕಿ ದಾಟುವಾಗ ಟಿಕೆಟಿನ ಹಿಂದೆ ಸಬ್‌ನೆಟ್ ಲೆಕ್ಕ, ಅಂದರೆ ನೆಟ್‌ವರ್ಕಿನ ಒಂದು ತುಂಡಿನಲ್ಲಿ ಎಷ್ಟು ವಿಳಾಸ ಅನ್ನುವುದನ್ನು ಬರೆದು ತೋರಿಸಿದಿರಿ: ಸ್ಲ್ಯಾಶ್ 26 ಅಂದರೆ 64 ವಿಳಾಸ, ಮೊದಲನೆಯದು ಕೊನೆಯದು ಬಿಟ್ಟರೆ ಯಂತ್ರಗಳಿಗೆ ಕೊಡಲು 62. ಬಸ್ಸು ಕುಲುಕಿ ಒಂದು 6 ಸೊಟ್ಟಗಾಗಿದೆ. ಆ ಟಿಕೆಟ್ ಈಗಲೂ ನನ್ನ ಮೇಜಿನ ಮೇಲಿದೆ.

ಕಾಪುವಿನಲ್ಲಿ ನೀವು ಇಳಿದುಬಿಟ್ಟಿರಿ. ಕಳೆದ ತಿಂಗಳು ಸಿಸಿಎನ್‌ಎ ಪಾಸಾದೆ ಅಣ್ಣ. ಸಾಲ ಮಾಡಲಿಲ್ಲ. ಅಮ್ಮನೂ ನಿಮಗೆ ಥ್ಯಾಂಕ್ಸ್ ಹೇಳಲು ಹೇಳಿದ್ದಾರೆ.